ಎಡಗಾಲಿನ ಸ್ಕೀಯ ಹೊಟ್ಟೆಕಿಚ್ಚು

ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟದಲ್ಲಿ ಲಡಾಖಿನ ಅಂಗ್ಮೋ ಹಿಮದ ಇಳಿಜಾರಿನಲ್ಲಿ ಜಾರಿಬಂದು ಮೊದಲ ಸುತ್ತನ್ನು ಗೆದ್ದಳು. ಮುಕ್ತಾಯದ ಗೆರೆಯನ್ನು ಮೊದಲು ಮುಟ್ಟಿದ್ದು ಅವಳ ಬಲಗಾಲಿನ ಸ್ಕೀ ಹಲಗೆ. ಸಂಜೆ ಟೀವಿಯಲ್ಲಿ ಅದರ ತುದಿಯನ್ನೇ ಮತ್ತೆ ಮತ್ತೆ ತೋರಿಸಿದರು.

ಎಡಗಾಲಿನ ಸ್ಕೀಗೆ ಹೊಟ್ಟೆ ಉರಿಯಿತು. "ಇಳಿದದ್ದು ಇಬ್ಬರೂ, ಹೆಸರು ಮಾತ್ರ ಅಣ್ಣನಿಗೆ!"

ಮರುದಿನ ಅಂತಿಮ ಸುತ್ತು. ಗೆರೆ ಕಣ್ಣಿಗೆ ಬಿದ್ದದ್ದೇ ತಡ, ಎಡ ಸ್ಕೀ ಒಬ್ಬಂಟಿಯಾಗಿ ಮುಂದಕ್ಕೆ ನುಗ್ಗಿತು. ಅಂಗ್ಮೋ ಆಯತಪ್ಪಿ ಉರುಳಿದಳು. ಅವಳ ಮಂಡಿ ಉಳುಕಿತು, ಪದಕ ಬೇರೆಯವರ ಪಾಲಾಯಿತು.

ಪಕ್ಕದಲ್ಲೇ ಬಿದ್ದಿದ್ದ ಬಲ ಸ್ಕೀ ಕೇಳಿತು, "ಯಾಕೆ ಹೀಗೆ ಮಾಡಿದೆ, ತಮ್ಮಾ?"

"ನಿನ್ನೆ ನೀನು ನನಗಿಂತ ಮುಂದಿದ್ದೆ."

"ಹೌದೇ?" ಎಂದಿತು ಬಲ ಸ್ಕೀ. "ನೀನು ಎಲ್ಲಿ ಎಡವುತ್ತೀಯೋ ಎಂದು ದಾರಿಯುದ್ದಕ್ಕೂ ನಿನ್ನನ್ನೇ ನೋಡುತ್ತಿದ್ದೆ. ಗೆರೆಯನ್ನು ನಾನು ಗಮನಿಸಲೇ ಇಲ್ಲ."