ಬೊಮ್ಮಣ್ಣ ನಾಯಕನ ಹುಟ್ಟುಹಬ್ಬಕ್ಕೆ ಚರಿತ್ರೆಯೆಲ್ಲ ನೆಂಟನಾಗಿ ಬಂದದ್ದು

"ನಾನು ಹುಟ್ಟಿದ ದಿನ ಇದೆಯಲ್ಲ ಭಾವ, ಅದನ್ನೇನು ಸಾಮಾನ್ಯ ದಿನ ಅಂದುಕೊಂಡಿರಾ? ಅವತ್ತೇ ನಮ್ಮ ಮುತ್ತಾತ ಎರಡು ಕೋಟೆ ಗೆದ್ದದ್ದು. ಅವತ್ತೇ ನಮ್ಮಜ್ಜಿ ಚಿರತೆಯ ಕಿವಿ ಹಿಂಡಿದ್ದು!"

ಹೀಗೆ ಬಡಾಯಿ ಕೊಚ್ಚುತ್ತಿದ್ದವನು ಸಂಕಪ್ಪ ನಾಯಕ. ಕೇಳಿ ಹಲ್ಲು ಕಡಿಯುತ್ತಿದ್ದವನು ಮಿಡತೆಗುಡ್ಡದ ಪಾಳೆಯಗಾರ ಬೊಮ್ಮಣ್ಣ ನಾಯಕ. ಸಂಕಪ್ಪ ರಾಣಿಯ ತಮ್ಮ. ಆದ್ದರಿಂದ ಅವನ ತಲೆ ತೆಗೆಸುವ ಹಾಗೂ ಇಲ್ಲ, ಊಟಕ್ಕೆ ಕರೆಯದೆ ಇರುವ ಹಾಗೂ ಇಲ್ಲ. ಅವತ್ತು ಜ್ಯೇಷ್ಠ ಬಹುಳ ಸಪ್ತಮಿ, ಬೊಮ್ಮಣ್ಣನ ಹುಟ್ಟುಹಬ್ಬ.

"ನಿಮ್ಮ ದಿನ ಏನೇನು ನಡೆದಿತ್ತು ಭಾವ?" ಎಂದ ಸಂಕಪ್ಪ, ಪಾಯಸ ಸುರಿಯುತ್ತ.

ಮಿಡತೆಗುಡ್ಡದಲ್ಲಿ ಒಂದು ಪದ್ಧತಿ ಇತ್ತು ನೋಡಿ. ದಿನಾ ಬೆಳಿಗ್ಗೆ ಆಸ್ಥಾನದ ಜೋಯಿಸರು ಪಂಚಾಂಗ ಓದಿ, ಆ ತಿಥಿಯಲ್ಲಿ ಹಿರಿಯರು ಏನು ಮಾಡಿದ್ದರು ಎಂದು ಸಾರಬೇಕು. ಹಿರಿಯರು ಮಾಡಿದ್ದನ್ನು ಅವತ್ತು ಸಿಂಹಾಸನದ ಮೇಲಿದ್ದವನು ತಾನೂ ಸ್ವಲ್ಪ ಮಾಡಿ ತೋರಿಸಬೇಕು. ಚೈತ್ರದಲ್ಲೊಂದು, ಕಾರ್ತೀಕದಲ್ಲೊಂದು ಬರುತ್ತಿದ್ದುದರಿಂದ ಬೊಮ್ಮಣ್ಣನಿಗೆ ಅದೇನೂ ಭಾರವಾಗಿರಲಿಲ್ಲ.

ಜೋಯಿಸರ ಹೆಸರು ತಿಮ್ಮಾಜೋಯಿಸರು. ಸುಳ್ಳು ಹೇಳಲು ಬಾರದ ಮುದುಕರು. ಮೆಲ್ಲಗೆ ಎದ್ದು ನಿಂತು, "ಈ ದಿನ ವಿಶೇಷವೇನೂ ನಡೆದಿಲ್ಲ, ಮಹಾಸ್ವಾಮಿ" ಎಂದರು.

ಸಂಕಪ್ಪ ನಕ್ಕ ರಭಸಕ್ಕೆ ಪಾಯಸ ಮೂಗಿಗೆ ಹತ್ತಿತು.

ನೆಂಟ ಅತ್ತ ಹೋದದ್ದೇ ತಡ, ಬೊಮ್ಮಣ್ಣ ಗುಡುಗಿದ. "ಜೋಯಿಸರೇ, ಗಂಟುಮೂಟೆ ಕಟ್ಟಿ. ನಾಳೆ ನೀವು, ನಿಮ್ಮ ಮನೆಯವರು, ಎಲ್ಲ ಗಡಿಯಾಚೆ!"

"ಈ ಮೊಣಕಾಲಲ್ಲಿ ಹೊಸಿಲು ದಾಟುವುದೇ ಕಷ್ಟ ಮಹಾಸ್ವಾಮಿ, ಗಡಿ ಹೇಗೆ ದಾಟಲಿ?"

"ಹಾಗಿದ್ದರೆ ನನ್ನ ದಿನಕ್ಕೆ ನಾಲ್ಕು ದೊಡ್ಡ ಸಂಗತಿ ಹುಡುಕಿ ಕೊಡಿ!"

ಆಗ ಮುಂದೆ ಬಂದವನು ಮಲ್ಲರಸ, ನಾಯಕನ ಬಾಯಿಗೆ ಎದುರು ಬಾಯಿ ಕೊಟ್ಟೂ ತಲೆ ಉಳಿಸಿಕೊಂಡಿದ್ದ ಏಕೈಕ ಆಸ್ಥಾನಿಕ.

"ಹುಡುಕುವುದು ಜೋಯಿಸರಂಥವರ ಕೆಲಸ ಮಹಾಸ್ವಾಮಿ. ತಾವು ದೊರೆ. ಹುಡುಕುವುದೇಕೆ, ಸಾಗಿಸಿ! ಚರಿತ್ರೆಯಲ್ಲಿ ಇರುವುದನ್ನೆಲ್ಲ ಈ ದಿನಕ್ಕೇ ಬರುವಂತೆ ಅಪ್ಪಣೆ ಮಾಡಿ. ಮುತ್ತಾತ ಕೋಟೆ ಹತ್ತಿದ್ದು, ತಾತ ಕೆರೆ ಕಟ್ಟಿಸಿದ್ದು, ಎಲ್ಲ."

ಬೊಮ್ಮಣ್ಣನ ಮುಖ ಅರಳಿತು. "ಎಲ್ಲ ಅಂದರೆ ಎಲ್ಲ! ಒಂದೂ ಬಿಡಬೇಡ!"

"ಆದರೆ ಓದಿ ಹೇಳಲು ಜೋಯಿಸರು ಬೇಕಲ್ಲ?"

"ಮುಂದಿನ ವರ್ಷದವರೆಗೆ ಇರಲಿ. ಅವತ್ತು ಸಂಕಪ್ಪನ ಬಾಯಿ ಕಟ್ಟದಿದ್ದರೆ ನೀವಿಬ್ಬರೂ ಗಡಿಯಾಚೆ."

ಡಂಗುರ ಹೊಡೆಸಿದ್ದಾಯಿತು. ವರ್ಷ ಕಳೆಯಿತು, ಸಪ್ತಮಿ ಬಂತು, ಸಂಕಪ್ಪನೂ ಬಂದ.

ಬೆಳಿಗ್ಗೆ ರಾಣಿ ಗಂಡನಿಗೆ ನೆತ್ತಿಯಿಂದ ಅಂಗಾಲಿನವರೆಗೆ ಹರಳೆಣ್ಣೆ ತಿಕ್ಕಿದಳು. ಹುಟ್ಟುಹಬ್ಬದ ಅಭ್ಯಂಜನ. ನೀರು ಹಾಕಿಕೊಳ್ಳುವ ಮೊದಲೇ ಹೊರಗೆ ಕಹಳೆ ಮೊಳಗಿತು. ಜೋಯಿಸರ ದನಿ: "ಮಹಾಸ್ವಾಮಿಗಳ ಅಪ್ಪಣೆಯಂತೆ, ಇದೇ ದಿನ ಸೂರ್ಯೋದಯಕ್ಕೆ ಮುತ್ತಾತನವರು ಹಗ್ಗ ಹಿಡಿದು ಕೋಟೆ ಹತ್ತಿದರು!"

"ಸ್ನಾನ ಆಮೇಲೆ ಮಹಾಸ್ವಾಮಿ" ಎಂದ ಮಲ್ಲರಸ. "ಸೂರ್ಯ ಕಾಯುವುದಿಲ್ಲ. ಭಾಮೈದನವರೂ ನೋಡುತ್ತಿದ್ದಾರೆ."

ಎಣ್ಣೆ ಮೈಯ ನಾಯಕ ಹಗ್ಗ ಹಿಡಿದ. ಒಂದು ಮೊಳ ಹತ್ತಿದ, ಎರಡು ಮೊಳ ಜಾರಿದ. ಕೆಳಗೆ ಸಂಕಪ್ಪ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ, "ಭಾವ, ನಿಮ್ಮ ಮುತ್ತಾತ ಮೇಲಕ್ಕೆ ಹತ್ತಿದರೋ ಕೆಳಕ್ಕೆ ಹತ್ತಿದರೋ?" ಎಂದು ಕೇಳಿದ.

"ನನಗೂ ಒಂದು ಹೋಳಿಗೆ ಕೊಡ್ರೋ!" ಎಂದ ಬೊಮ್ಮಣ್ಣ, ನೆಲ ಮುಟ್ಟಿದವನೇ.

"ಆಗುವುದಿಲ್ಲವಲ್ಲ ಮಹಾಸ್ವಾಮಿ" ಎಂದ ಮಲ್ಲರಸ. "ತಮ್ಮ ತಂದೆಯವರು ತೀರಿಕೊಂಡದ್ದೂ ಇವತ್ತೇ. ಒಂದೂ ಬಿಡಬೇಡ ಎಂದಿದ್ದಿರಿ. ಶ್ರಾದ್ಧ ಮುಗಿಯುವವರೆಗೆ ಉಪವಾಸ."

"ಶ್ರಾದ್ಧ ಬೇಗ ಮುಗಿಸ್ರಯ್ಯಾ!"

"ಅದಕ್ಕೆ ಮೊದಲು ತಾತನವರ ಕೆರೆ."

ಎಣ್ಣೆ ಮೈಮೇಲೆ ಮಣ್ಣಿನ ಬುಟ್ಟಿ ಬಂತು. ಏರಿ ಹತ್ತಿ ಇಳಿಯುವಷ್ಟರಲ್ಲಿ ನಾಯಕ ಕೆರೆಯ ಏರಿಯ ಬಣ್ಣಕ್ಕೇ ತಿರುಗಿದ್ದ. ಅಷ್ಟರಲ್ಲಿ ಹಿರಿಯರ ಪಟ್ಟಾಭಿಷೇಕವೂ ಇವತ್ತೇ ಎಂದು ಪುರೋಹಿತರು ಬಂದು ಕೊಡಗಟ್ಟಲೆ ತಣ್ಣೀರು ಸುರಿದರು. ಹರಳೆಣ್ಣೆ ತಣ್ಣೀರಿಗೆ ಬಗ್ಗೀತೇ? ಹೋಗಲಿಲ್ಲ. ಮಣ್ಣು ಕೆಸರಾಯಿತು, ಅಷ್ಟೆ.

"ಇನ್ನೇನಾದರೂ ಉಂಟೇನಯ್ಯ?" ನಾಯಕನ ಹಲ್ಲು ಕಟಕಟ ಎನ್ನುತ್ತಿತ್ತು.

ಜೋಯಿಸರು ಕೆಮ್ಮಿದರು. "ಇದೇ ದಿನ ಚಿಕ್ಕಜ್ಜನವರು ಶತ್ರುಗಳಿಗೆ ಹೆದರಿ ಹುಲ್ಲಿನ ಬಣವೆಯಲ್ಲಿ ಅಡಗಿದ್ದರು. ಕತ್ತಲಾಗುವವರೆಗೆ."

"ಅದನ್ನೂ ಸಾಗಿಸಿದ್ದೀಯಾ?"

"ಎಲ್ಲ ಅಂದರೆ ಎಲ್ಲ ಎಂದಿದ್ದಿರಿ" ಎಂದ ಮಲ್ಲರಸ.

ಒದ್ದೆ ಮೈಯ ನಾಯಕ ಬಣವೆ ಹೊಕ್ಕ. ಸ್ವಲ್ಪ ಹೊತ್ತಿಗೆ ಬಣವೆಯೇ ಸೀನಿತು. ಮತ್ತೆ ಸೀನಿತು. ಕೊನೆಗೆ ಮೈಯೆಲ್ಲ ಹುಲ್ಲು ಅಂಟಿಸಿಕೊಂಡ ಒಂದು ಆಕೃತಿ ಅದರೊಳಗಿಂದ ಎದ್ದು ಕಿರುಚಿತು: "ಎಲ್ಲವನ್ನೂ ಅದರದರ ದಿನಕ್ಕೆ ವಾಪಸ್ ಕಳಿಸು! ಈಗಲೇ!"

"ಹಾಗೆ ಮಾಡಿದರೆ ತಮ್ಮ ದಿನ ಖಾಲಿಯಾಗುತ್ತದೆ ಮಹಾಸ್ವಾಮಿ."

"ಆಗಲಿ! ಜೋಯಿಸರೇ, ಈ ದಿನ ಏನು ನಡೆದಿತ್ತು?"

ಜೋಯಿಸರು, "ಏನೂ... ಏನೂ ನಡೆದಿಲ್ಲ ಮಹಾಸ್ವಾಮಿ" ಎಂದರು.

"ಆಹಾ! ಇನ್ನೊಂದು ಸಲ ಹೇಳಿ!"

"ಏನೂ ನಡೆದಿಲ್ಲ."

"ಇವರು ಬದುಕಿರುವವರೆಗೆ ಇವರೇ ನಮ್ಮ ಜೋಯಿಸರು! ನಾಳೆಯಿಂದ ಇವರ ಮೊಣಕಾಲಿಗೆ ಅರಮನೆಯ ಪಲ್ಲಕ್ಕಿ!"

ಎಲೆ ಹಾಕಿಸಿ, ಮೂರು ಹೋಳಿಗೆ ಒಳಗಿಳಿದ ಮೇಲೆ ನಾಯಕನ ಮುಖ ಸ್ವಲ್ಪ ಸಣ್ಣಗಾಯಿತು. "ಆದರೂ ಮಲ್ಲರಸ, ದೊರೆಯ ದಿನ ಹೀಗೆ ಬರಿದಾಗಿದ್ದರೆ ಅವಮಾನವಲ್ಲವೇನೋ? ನಾನೂ ಒಂದು ಸಾಹಸ ಮಾಡಿಬಿಡಲೇ?"

"ದಮ್ಮಯ್ಯ, ಬೇಡಿ! ಮುತ್ತಾತ ಸಾಹಸ ಮಾಡಿ ತಮ್ಮ ಕೈಗೆ ಹಗ್ಗ ಕೊಟ್ಟರು. ತಾತ ಪುಣ್ಯ ಮಾಡಿ ತಮ್ಮ ತಲೆಗೆ ಬುಟ್ಟಿ ಹೊರಿಸಿದರು. ಇವತ್ತು ಬಣವೆಯೊಳಗೆ ತಾವು ಅವರನ್ನೆಲ್ಲ ಬೈದದ್ದು ನನಗೂ ಕೇಳಿಸಿತು. ತಾವು ಮಾತ್ರ ಏನೂ ಮಾಡದೆ ಇದ್ದುಬಿಡಿ. ಈ ವಂಶದಲ್ಲಿ ಮೊಮ್ಮಕ್ಕಳು ಹೊಟ್ಟೆತುಂಬ ಹೋಳಿಗೆ ತಿಂದು, ಬೈಯದೆ ನೆನೆಯುವ ದೊರೆ ತಾವೊಬ್ಬರೇ ಆಗುತ್ತೀರಿ!"

ಬೊಮ್ಮಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಕಪ್ಪ ತನ್ನ ಮುತ್ತಾತನ ಎರಡು ಕೋಟೆಗಳನ್ನು ಮರೆತು ಹೋಳಿಗೆಯಿಂದಲೇ ಬಾಯಿ ಕಟ್ಟಿಕೊಂಡ. ಬಹುಮಾನ ಕೊಡೋಣವೆಂದು ನಾಯಕ ಮುಂಗೈಯ ಚಿನ್ನದ ಕಡಗಕ್ಕೆ ಕೈ ಹಾಕಿದ್ದಷ್ಟೇ, ಹರಳೆಣ್ಣೆಯ ಕೃಪೆ, ಅದು ತಾನಾಗಿ ಜಾರಿ ಮಲ್ಲರಸನ ಎಲೆಗೇ ಬಂದು ಬಿತ್ತು. ಆ ಆಸ್ಥಾನದಲ್ಲಿ ದೊರೆಯ ಕೈಯಿಂದ ಚಿನ್ನ ಅಷ್ಟು ಸಲೀಸಾಗಿ ಬಿಟ್ಟದ್ದು ಅದೇ ಮೊದಲು.