ದೇಜಪ್ಪ ಕೊಟ್ಟ ಪಾಸು

ಬಹಳ ಹಿಂದೆ, ಹೊಳೆ ಹೋಗಿ ಕಡಲಿಗೆ ಸೇರುವ ಒಂದೂರಿನಲ್ಲಿ, ಕಾಲೇಜಿನ ಕಪಾಟಿನ ಬಾಗಿಲು ಮುಚ್ಚದೆ ಹೋಯಿತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರಿನ್ಸಿಪಾಲ್ ಉಪೇಂದ್ರ ರಾಯರು ಇದನ್ನು ಗಮನಿಸಿದರು. ಹನ್ನೊಂದಕ್ಕೆ ಅಧ್ಯಾಪಕರ ತುರ್ತು ಸಭೆ ಸೇರಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ದೋಣಿ ಹತ್ತಿ ಆಚೆ ದಡವನ್ನೂ ಮುಟ್ಟಿತು ಅಂತಾರೆ. ಆ ಊರಿಗೆ ಅದಕ್ಕೂ ಮೊದಲು ನೆರೆ ಬಂದಿತ್ತು, ಸಿಡುಬು ಬಂದಿತ್ತು. ಆದರೂ ಹಳಬರು ಕಾಲ ಎಣಿಸುವುದು ಕಪಾಟು ಮುಚ್ಚದ ಆ ಸೋಮವಾರದಿಂದಲೇ.

ಯಾಕೆ ಮುಚ್ಚಲಿಲ್ಲ ಅಂದರೆ, ಒಳಗೆ ಎಂಟು ಕಪ್ ಇದ್ದವು. ಎಂಟನೆಯದರ ಕಿವಿ ಹೊರಗೆ ಚಾಚಿಕೊಂಡಿತ್ತು. ಎಂಟೂ ಫುಟ್‌ಬಾಲಿನ ಶ್ರೇಷ್ಠ ಆಟಗಾರನ ಕಪ್‌ಗಳು. ಕಾಲೇಜಿನ ಗೇಟಿನ ಮೇಲೆ ‘ಶ್ರೇಷ್ಠ ಆಟಗಾರರ ಕಾಲೇಜು’ ಎಂದು ಬಣ್ಣದಲ್ಲಿ ಬರೆಸಿದ್ದರು. ತಂಡ ಗೆದ್ದರೆ ಸಿಗುವ ಶೀಲ್ಡ್ ಮಾತ್ರ ಒಂದೂ ಇರಲಿಲ್ಲ. ಎಂಟು ವರ್ಷ ಫೈನಲಿಗೆ ಹೋಗಿದ್ದರು, ಎಂಟು ವರ್ಷವೂ ಸೋತಿದ್ದರು. ಶೀಲ್ಡುಗಳೆಲ್ಲ ಹೊಳೆಯಾಚೆಯ ಕಾಲೇಜಿನಲ್ಲಿದ್ದವು. ಆ ಕಾಲೇಜಿನಲ್ಲಿ ಒಬ್ಬನೂ ಶ್ರೇಷ್ಠ ಆಟಗಾರ ಇರಲಿಲ್ಲ. ಅವರನ್ನು ಕಂಡರೆ ಈಚೆಯವರಿಗೆ ಪಾಪ ಅನಿಸುತ್ತಿತ್ತಂತೆ.

ಇದಕ್ಕೆ ಕಾರಣ ಹಂಚಿನ ಕಾರ್ಖಾನೆಯ ಧಣಿಗಳು. ಪಂದ್ಯ ನಡೆಸುತ್ತಿದ್ದವರು ಅವರೇ, ಬಹಳ ಮರುಕದ ಮನುಷ್ಯ. ಸೋತವರು ಬರಿಗೈಯಲ್ಲಿ ಮನೆಗೆ ಹೋಗುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಹಾಗಾಗಿ ಒಂದು ಕ್ರಮ ಮಾಡಿದರು. ಗೆದ್ದ ತಂಡಕ್ಕೆ ಶೀಲ್ಡ್. ಸೋತ ತಂಡದಲ್ಲಿ ಚೆನ್ನಾಗಿ ಆಡಿದ ಒಬ್ಬನಿಗೆ ಶ್ರೇಷ್ಠ ಆಟಗಾರನ ಕಪ್, ಜೊತೆಗೆ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ.

ಬೇಕೆಂದು ಸೋತವರು ಯಾರೂ ಇಲ್ಲ, ಅದನ್ನು ಹೇಳಲೇಬೇಕು. ಸೆಮಿಫೈನಲಿನವರೆಗೆ ಹನ್ನೊಂದು ಜನವೂ ಒಂದೇ ಜೀವ ಎಂಬ ಹಾಗೆ ಆಡುತ್ತಿದ್ದರು. ಫೈನಲಿನ ದಿನ ಮಾತ್ರ ಪ್ರತಿಯೊಬ್ಬನೂ ಚೆಂಡನ್ನು ಒಂದು ಗಳಿಗೆ ಹೆಚ್ಚು ತನ್ನ ಬಳಿ ಇಟ್ಟುಕೊಳ್ಳುತ್ತಿದ್ದ. ಅಷ್ಟೇ. ಆಚೆಯವರಿಗೆ ಅಷ್ಟು ಸಾಕಾಗುತ್ತಿತ್ತು.

ಒಂಬತ್ತನೆಯ ವರ್ಷದ ಕಪ್ ಯಾರದೆಂದು ಊರು ಮೊದಲೇ ತೀರ್ಮಾನಿಸಿತ್ತು. ಅವನ ಹೆಸರು ದೇಜಪ್ಪ. ಸಿಪ್ಪೆ ಸುಲಿಯದ ತೆಂಗಿನಕಾಯಿ ಒದ್ದು ಆಟ ಕಲಿತವನು ಅಂತಾರೆ. ಅವನು ಒದ್ದ ಚೆಂಡು ಹೊಳೆ ದಾಟಿ, ಆಚೆ ದಡದಲ್ಲಿ ಪುಟಿದು, ತಿರುಗಿ ಬರುವಷ್ಟರಲ್ಲಿ ಅವನು ನೀರು ಕುಡಿದು ಬಾಯಿ ಒರೆಸಿಕೊಂಡಿರುತ್ತಿದ್ದ ಅಂತಾರೆ. ನಾನು ನೋಡಿಲ್ಲ. ನೋಡಿದ್ದೇವೆ ಎನ್ನುವವರು ಆಗ ಹುಟ್ಟಿರಲಿಲ್ಲ.

ದೇಜಪ್ಪನ ತಾಯಿ ದುಗ್ಗು ಅದೇ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದಳು. ಆವೆಮಣ್ಣಿನ ಬುಟ್ಟಿ ಹೊತ್ತು ಹೊತ್ತು ಅವಳ ಮೊಣಕಾಲು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಮಗನಿಗೆ ಆಫೀಸಿನಲ್ಲಿ ಮೇಜು ಸಿಕ್ಕಿದ ದಿನ ಬುಟ್ಟಿ ಇಳಿಸುತ್ತೇನೆ ಎಂದು ಅವಳು ಹೇಳಿಟ್ಟಿದ್ದಳು. ಫೈನಲಿನ ಬೆಳಿಗ್ಗೆ ಗಂಜಿ ಬಡಿಸಿ ಹೀಗೆ ಅಂದಳಂತೆ: “ನಿನಗೆ ಗೆದ್ದು ಬಾ ಅನ್ನಬೇಕಾ, ಸೋತು ಬಾ ಅನ್ನಬೇಕಾ ಅಂತ ನನಗೆ ಗೊತ್ತಾಗುವುದಿಲ್ಲ ಮಗಾ. ಚಂದ ಮಾಡಿ ಆಡಿ ಬಾ.”

ಪ್ರಿನ್ಸಿಪಾಲರು ತಂಡಕ್ಕೆ ಶುಭ ಕೋರಿದರು. ಈ ಸಲದ ಕಪ್ ಸ್ವಲ್ಪ ಸಣ್ಣದಾಗಿದ್ದರೆ ಅನುಕೂಲ ಎಂದೂ ಸೂಚಿಸಿದರು.

ಗೋಲ್‌ಕೀಪರ್ ಹಸನಬ್ಬನಿಗೆ ಅದು ನಾಲ್ಕನೆಯ ಫೈನಲ್, ಕೊನೆಯದೂ ಹೌದು. ಗೋಲು ಕಾಯುವವನಿಗೆ ಆ ಕಪ್ ಒಮ್ಮೆಯೂ ಬಂದಿರಲಿಲ್ಲ, ಬರುವುದೂ ಇಲ್ಲ. ಗೋಲು ಬಿಡದೆ ತಂಡ ಸೋಲುವುದಿಲ್ಲ, ಗೋಲು ಬಿಟ್ಟವನನ್ನು ಯಾರೂ ಶ್ರೇಷ್ಠ ಅನ್ನುವುದಿಲ್ಲ. ಎಲ್ಲರೂ ಮೈದಾನದ ಅಂಚಿನಲ್ಲಿ ಕೂತು ಬೂಟು ಕಟ್ಟಿಕೊಳ್ಳುವಾಗ ಅವನು ತಮಾಷೆಗೆ ಕೇಳಿದ: “ದೇಜು, ನಿನಗೆ ಕೆಲಸ ಸಿಗಬೇಕಾದರೆ ನಾನೊಂದು ಗೋಲು ಬಿಡಬೇಕಲ್ಲ ಮಾರಾಯ. ಮೊದಲೇ ಹೇಳಿಡು, ಎಡಕ್ಕಾ, ಬಲಕ್ಕಾ? ಆ ಕಡೆ ನಾನು ಹಾರುವುದಿಲ್ಲ.”

ಎಲ್ಲರೂ ನಕ್ಕರು. ದೇಜಪ್ಪ ನಗಲಿಲ್ಲ. ಕಟ್ಟಿದ ಲೇಸು ಬಿಚ್ಚಿದ, ತಿರುಗಿ ಕಟ್ಟಿದ, ತಿರುಗಿ ಬಿಚ್ಚಿದ. ಆಮೇಲೆ ಬಿಗಿಯಾಗಿ ಕಟ್ಟಿ ಎದ್ದು ನಿಂತ.

“ಎರಡೂ ಕಡೆ ಬೇಡ” ಅಂದ.

ಆಟ ಶುರುವಾಯಿತು. ಹಿಂದಿನ ಎಂಟು ಶ್ರೇಷ್ಠ ಆಟಗಾರರು ಈಗ ಗುಮಾಸ್ತರಾಗಿ, ಧಣಿಗಳ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ದೇಜಪ್ಪ ಚೆಂಡು ಸಿಕ್ಕಿದ ಕೂಡಲೇ ಪಕ್ಕದವನಿಗೆ ಕೊಡುತ್ತಿದ್ದ. ಮತ್ತೆ ಸಿಕ್ಕಿತು, ಮತ್ತೆ ಕೊಟ್ಟ. ಅವನಿಗೆ ಜ್ವರ ಬಂದಿರಬೇಕು ಎಂದು ಗುಮಾಸ್ತರು ಮಾತಾಡಿಕೊಂಡರಂತೆ. ಆಚೆಯವರು ಒದ್ದದ್ದನ್ನೆಲ್ಲ ಹಸನಬ್ಬ ಹಿಡಿದ. ಎಡಕ್ಕೆ ಬಂದದ್ದನ್ನೂ ಹಿಡಿದ, ಬಲಕ್ಕೆ ಬಂದದ್ದನ್ನೂ ಹಿಡಿದ.

ಮುಗಿಯಲು ಇನ್ನು ಎರಡು ನಿಮಿಷ ಇರುವಾಗ ಚೆಂಡು ಮತ್ತೆ ದೇಜಪ್ಪನ ಕಾಲಿಗೆ ಬಂತು, ಸುತ್ತ ತನ್ನವರು ಯಾರೂ ಇರಲಿಲ್ಲ. ಅವನು ಓಡಿದ. ಹತ್ತೊಂಬತ್ತು ಜನರನ್ನು ದಾಟಿದ ಅಂತಾರೆ. ಎದುರು ತಂಡದಲ್ಲಿ ಇದ್ದದ್ದೇ ಹನ್ನೊಂದು, ಉಳಿದವರು ಯಾರೆಂದು ನಾನು ವಿಚಾರಿಸಿಲ್ಲ. ಕೊನೆಗೆ ಅವನೆದುರು ಉಳಿದದ್ದು ಕೀಪರ್ ಒಬ್ಬನೇ. ಹಿಂದಿನ ಎಂಟು ಜನವೂ ತಮ್ಮ ತಮ್ಮ ವರ್ಷ ಅದೇ ಜಾಗಕ್ಕೆ ಬಂದಿದ್ದರು. ಎಂಟು ಜನವೂ ಅಲ್ಲಿಂದ ತಾವೇ ಒದ್ದಿದ್ದರು. ನೋಡಲು ಬಹಳ ಚಂದದ ಒದೆತ, ಕೀಪರ್ ಹಿಡಿಯುತ್ತಿದ್ದ, ಕಪ್ ಸಿಗುತ್ತಿತ್ತು.

ಎಡಗಡೆಯಲ್ಲಿ ಸಿಲ್ವೆಸ್ಟರ್ ಓಡಿ ಬರುತ್ತಿದ್ದ. ಎರಡು ವರ್ಷ ತಂಡದಲ್ಲಿದ್ದರೂ ಫೈನಲಿನಲ್ಲಿ ಅವನಿಗೆ ಯಾರೂ ಪಾಸು ಕೊಟ್ಟಿರಲಿಲ್ಲ. ಆದರೂ ಅಭ್ಯಾಸಬಲದಿಂದ ಓಡುತ್ತಿದ್ದ. ಧಣಿಗಳ ಕುರ್ಚಿಯ ಸಾಲನ್ನು ದೇಜಪ್ಪ ಒಮ್ಮೆ ನೋಡಿದ ಅಂತಾರೆ. ನೋಡಿ, ಚೆಂಡನ್ನು ಎಡಕ್ಕೆ ತಳ್ಳಿದ.

ಸಿಲ್ವೆಸ್ಟರ್ ಕಂಗಾಲಾದ. ಒದೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಚೆಂಡು ತಾನಾಗಿ ಅವನ ಮೊಣಕಾಲಿಗೆ ತಾಗಿ, ಮೆಲ್ಲಗೆ ಉರುಳಿಕೊಂಡು ಗೋಲಿನೊಳಗೆ ಹೋಯಿತು. ಅಷ್ಟು ಕುರೂಪದ ಗೋಲು ಆ ಮೈದಾನದಲ್ಲಿ ಅದಕ್ಕೂ ಮೊದಲು ಆಗಿಲ್ಲ, ಆಮೇಲೂ ಆಗಿಲ್ಲ ಅಂತಾರೆ.

ಕ್ರಮದ ಪ್ರಕಾರ ಶ್ರೇಷ್ಠ ಆಟಗಾರನ ಕಪ್ ಆಚೆ ದಡದ ಒಬ್ಬ ಹುಡುಗನಿಗೆ ಹೋಯಿತು, ಗುಮಾಸ್ತಿಕೆಯೂ. ಈಚೆಯವರಿಗೆ ಶೀಲ್ಡ್ ಬಂತು. ಅದನ್ನು ಹಿಡಿಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಅರ್ಧ ಗಂಟೆ ತಲೆಕೆಳಗಾಗಿ ಹಿಡಿದಿದ್ದರಂತೆ.

ದುಗ್ಗು ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು.

“ಕಪ್ ಯಾರಿಗಂತೆ?” ಎಂದು ಮನೆಗೆ ಬಂದ ಮಗನನ್ನು ಕೇಳಿದಳು.

“ಆಚೆಯವರಿಗೆ.”

“ಹಾಗಾದರೆ ನೀವು ಗೆದ್ದದ್ದು.”

“ಹೌದು ಅಪ್ಪೆ.”

“ಹನ್ನೊಂದು ಜನವೂ?”

“ಹನ್ನೊಂದು ಜನವೂ.”

ಮರುದಿನ ಬೆಳಿಗ್ಗೆ ಮಣ್ಣಿನ ಹೊಂಡದ ಹತ್ತಿರ ದೇಜಪ್ಪ ತಾಯಿಯ ತಲೆಯಿಂದ ಬುಟ್ಟಿ ಇಳಿಸಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಮನೆಗೆ ಹೋಗು ಅಂದ. ಮೇಜು ಸಿಗದಿದ್ದರೂ ಅವಳ ಬುಟ್ಟಿ ಇಳಿಯಿತು. ದೇಜಪ್ಪ ಇಪ್ಪತ್ತೇಳು ವರ್ಷ ಮಣ್ಣು ಹೊತ್ತ. ಆಫೀಸಿನ ಎದುರು ಹಾದುಹೋಗುವಾಗ ಒಳಗಿನ ಗುಮಾಸ್ತರು ಒಂಬತ್ತು ಜನವೂ ಎದ್ದು ನಿಲ್ಲುತ್ತಿದ್ದರು ಅಂತಾರೆ. ಕೆಲವರು ಇದನ್ನು ಒಪ್ಪುವುದಿಲ್ಲ. ಎಂಟು ಜನ ಎನ್ನುತ್ತಾರೆ.

ಆ ಊರಿನ ಮೈದಾನದಲ್ಲಿ ಗೋಲು ಹೊಡೆದವನು ಈಗಲೂ ಮೊದಲು ಓಡಿ ಹೋಗುವುದು ಪಾಸು ಕೊಟ್ಟವನ ಹತ್ತಿರ. ಆಟ ಶುರುವಾಗುವ ಮೊದಲು ತಂಡದವರು ಗೋಲ್‌ಕೀಪರನ ಎದುರು ನಿಂತು “ಎಡಕ್ಕಾ, ಬಲಕ್ಕಾ?” ಎಂದು ಕೇಳುತ್ತಾರೆ. “ಎರಡೂ ಕಡೆ ಬೇಡ” ಎಂದು ಅವನು ಹೇಳಿದ ಮೇಲೆಯೇ ಚೆಂಡು ಮೈದಾನಕ್ಕೆ ಇಳಿಯುತ್ತದೆ.

ಆ ವರ್ಷದ ಫೈನಲ್ ಒಂದು–ಸೊನ್ನೆ. ಶೀಲ್ಡ್ ಕಪಾಟಿನಲ್ಲಿ ಹಿಡಿಯಲಿಲ್ಲ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಕಪಾಟಿನ ಬಾಗಿಲು ಈಗಲೂ ಮುಚ್ಚುವುದಿಲ್ಲ.