ಐವತ್ತನೇ ಅಡಿಯ ಗುರುತು

ಕಾವೇರಿ ದಡದ ಮೀನು ಹಿಡಿಯುವ ಕ್ಯಾಂಪಿನಲ್ಲಿ ದೋಣಿ ನಡೆಸುವ ಮಂಚಯ್ಯನಿಗೆ, ಗಾಳದ ದಾರ ಬೀಸುವುದನ್ನು ಕಲಿಸುವ ಮೇಷ್ಟ್ರಾಗುವ ಆಸೆ. ಅದಕ್ಕೊಂದು ಪರೀಕ್ಷೆ. ಸರಿಯಾಗಿ ಐವತ್ತು ಅಡಿ ದಾರ ಬಿಟ್ಟು ಬೀಸಬೇಕು. ಪರೀಕ್ಷೆಗೆ ಬಂದ ದೇಸಾಯಿ ಸಾಹೇಬರು ಮಹಾ ಬಿಗಿ. ಮಂಚಯ್ಯನ ಹಳೇ ದಾರದ ಐವತ್ತನೇ ಅಡಿಗೆ ಮಸಿಯ ಗುರುತು ಕಂಡದ್ದೇ ಗುಡುಗಿದರು.

"ಅಭ್ಯರ್ಥಿ ದಾರಕ್ಕೆ ಗುರುತು ಹಾಕಬಾರದು ಅಂತ ರೂಲ್ಸಿದೆ! ಅಳಿಸು, ಇಲ್ಲಾ ಮನೆಗೆ ನಡಿ."

"ನಾನು ಅಳಿಸಿದ್ರೆ ನಿಮಗೆ ನಂಬಿಕೆ ಬರಾಕಿಲ್ಲ ಸಾ. ನೀವೇ ಉಜ್ಜಿಬುಡಿ," ಎಂದು ಮಂಚಯ್ಯ ಸೋಪು ಕೊಟ್ಟ.

ಸಾಹೇಬರು ತಮ್ಮ ಕರ್ಚೀಫಿನಿಂದಲೇ ತಿಕ್ಕಿ ತಿಕ್ಕಿ ಅಳಿಸಿದರು. ಮಂಚಯ್ಯ ಬೀಸಿದ. ಟೇಪು ಹಿಡಿದರೆ ಐವತ್ತೇ ಅಡಿ! ಮೂರು ಸಲವೂ ಅಷ್ಟೇ.

"ಗುರುತಿಲ್ಲದೆ ಹೇಗಯ್ಯಾ?"

"ಹತ್ತು ವರ್ಷದ ಕೊಳೆ ಸಾ ಈ ದಾರಕ್ಕೆ. ನೀವು ತಿಕ್ಕಿದ ಜಾಗ ಒಂದೇ ಬೆಳ್ಳಗೆ ಕಾಣ್ತದೆ."

"ಅದೂ ಗುರುತೇ ಕಣಯ್ಯಾ!"

"ಹೌದು ಸಾ. ಆದ್ರೆ ಅಭ್ಯರ್ಥಿ ಹಾಕಿದ್ದಲ್ವಲ್ಲ."

ಸಾಹೇಬರು ಕಪ್ಪಾದ ಕರ್ಚೀಫು ನೋಡಿದರು, ರೂಲ್ಸ್ ಪುಸ್ತಕ ನೋಡಿದರು, ನಗು ತಡೆಯಲಾರದೆ ಪಾಸು ಎಂದು ಬರೆದರು.

ಮುಂದಿನ ವರ್ಷ ಪರೀಕ್ಷೆಗೆ ಬರುವಾಗ ಮಾತ್ರ, ಇಡೀ ದಾರ ಮುಳುಗುವಂಥ ದೊಡ್ಡ ಬಕೆಟ್ಟೊಂದನ್ನು ಜೊತೆಗೇ ತಂದರು.